ಮಲ್ಪೆಯ ಉಪ್ಪುಗಾಳಿಯಲ್ಲಿ ಆರು ವರ್ಷ: 350 ರೂಪಾಯಿಯ ಮಲ್ಟಿಮೀಟರ್ ಮತ್ತು ನನ್ನ ಹಳೆಯ ಬೈಕು

2019ರ ಆಟಿ ತಿಂಗಳಲ್ಲಿ (ತುಳುವರ ಮಳೆಗಾಲದ ತಿಂಗಳು) ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹತ್ತಿರದ ಇಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ 350 ರೂಪಾಯಿ ಕೊಟ್ಟು ವೋಲ್ಟು, ಕರೆಂಟು ಅಳೆಯುವ ಈ ಹಳದಿ ಬಣ್ಣದ ಡಿಜಿಟಲ್ ಮಲ್ಟಿಮೀಟರನ್ನು ಕೊಂಡಾಗ, ನನ್ನ ಬೈಕಿಗೆ ಅದಾಗಲೇ ಹೊಸ ಬ್ಯಾಟರಿ ಮತ್ತು ಹೊಸ ರೆಕ್ಟಿಫೈಯರ್ (ಇಂಜಿನ್ ಹುಟ್ಟಿಸುವ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಮಾಡಿಕೊಡುವ ಭಾಗ) ಎರಡನ್ನೂ ಹಾಕಿಸಿ ಆಗಿತ್ತು. ತೊಂದರೆ ಮಾತ್ರ ಇದ್ದ ಹಾಗೆಯೇ ಇತ್ತು. ಹದಿನೈದು ವರ್ಷ ಹಳೆಯದಾಗಿದ್ದ, ಸೆಲ್ಫ್ ಇರುವ, ಒಂದೇ ಸಿಲಿಂಡರಿನ ಆ ಬೈಕು ಮಲ್ಪೆಯ ಮನೆಯಿಂದ ಮಣಿಪಾಲದ ಕಚೇರಿಗೆ ದಿನವೂ ಮಳೆಯಲ್ಲಿ ನೆನೆಯುತ್ತ ಹೋಗಿಬರುತ್ತಿತ್ತು. ಇಂಡಿಕೇಟರ್ ಹಾಕಿದರೆ ಹಾರ್ನಿನ ಸ್ವರ ಕುಗ್ಗುತ್ತಿತ್ತು, ಸೆಲ್ಫ್ ಒತ್ತಿದರೆ 'ಟಕ್' ಎಂಬ ಸದ್ದೊಂದೇ ಬರುತ್ತಿತ್ತು. "ಇದು ಕಾಯಿಲಿನದ್ದೇ ಸರ್, ಬದಲಿಸುವ" ಎಂದು, ಇಂಜಿನ್ನಿನೊಳಗೆ ಕರೆಂಟು ಹುಟ್ಟಿಸುವ ಸುರುಳಿಯನ್ನೇ ದೂರಿ, ಗ್ಯಾರೇಜಿನವರು ಮೂರನೆಯ ಖರ್ಚಿಗೆ ಸಿದ್ಧರಾದ ದಿನ ನಾನು ಬೈಕನ್ನು ತಳ್ಳಿಕೊಂಡು ಮನೆಗೆ ತಂದೆ.

ಮೊದಲ ದಿನ ಮೀಟರು ನನ್ನನ್ನು ದಾರಿ ತಪ್ಪಿಸಿತು ಎನ್ನುವುದನ್ನು ಒಪ್ಪಿಕೊಳ್ಳಬೇಕು. ತಪ್ಪು ಅದರದ್ದಲ್ಲ, ನನ್ನದು. ಬಝರ್ ಇರುವ ಸ್ಥಾನಕ್ಕೆ ತಿರುಗಿಸಿ ಒಂದೊಂದೇ ವಯರನ್ನು ತಪಾಸಣೆ ಮಾಡಿದೆ. ಎಲ್ಲ ಕಡೆಯೂ 'ಪೀಂ' ಎಂದಿತು, ವಯರಿಂಗ್ ಸರಿಯಿದೆ ಎಂದುಕೊಂಡೆ. ಬಝರ್ ಪರೀಕ್ಷೆಯಲ್ಲಿ ಮೀಟರು ಹರಿಸುವ ಕರೆಂಟು ತೀರಾ ಅಲ್ಪ. ಹತ್ತಾರು ಎಳೆಗಳ ವಯರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅಷ್ಟು ಕರೆಂಟು ಸಲೀಸಾಗಿ ದಾಟುತ್ತದೆ, ಬಝರ್ ಕೂಗುತ್ತದೆ. ಸೆಲ್ಫ್ ಮೋಟರು ಕೇಳುವ ಹತ್ತಾರು ಆಂಪಿಯರನ್ನು ಅದೇ ವಯರು ಹೊರುತ್ತದೆಯೇ ಎಂಬುದಕ್ಕೆ ಆ ಕೂಗು ಉತ್ತರವಲ್ಲ.

ಉತ್ತರ ಸಿಕ್ಕಿದ್ದು ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಲೋಡ್ ಇರುವಾಗಲೇ, ಅಂದರೆ ಕರೆಂಟು ಹರಿಯುತ್ತಿರುವಾಗಲೇ, ಅಳೆದಾಗ. ಕಪ್ಪು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಕೆಂಪು ಮೊನೆಯನ್ನು ಇಂಜಿನ್ನಿನ ಬಣ್ಣವಿಲ್ಲದ ಬೋಲ್ಟಿಗೂ ಒತ್ತಿ ಹಿಡಿದು, ಮಗನಿಂದ ಮೂರು ಸೆಕೆಂಡ್ ಸೆಲ್ಫ್ ಒತ್ತಿಸಿದೆ. ಅರ್ತಿಂಗ್ (ಬ್ಯಾಟರಿಯ ಮೈನಸ್ಸಿಗೆ ಕರೆಂಟು ಮರಳುವ ದಾರಿ) ಚೆನ್ನಾಗಿದ್ದರೆ ಅಲ್ಲಿ 0.2 ವೋಲ್ಟಿನ ಆಸುಪಾಸಿಗಿಂತ ಹೆಚ್ಚು ಕಾಣಬಾರದು. ನನಗೆ ಕಂಡದ್ದು 1.8. ಅಂದರೆ ಹೊಸ ಬ್ಯಾಟರಿ ಕೊಟ್ಟದ್ದರಲ್ಲಿ ಸುಮಾರು ಎರಡು ವೋಲ್ಟು ದಾರಿಯಲ್ಲೇ ಸೋರಿಹೋಗುತ್ತಿತ್ತು. ಸೀಟು ಬಿಚ್ಚಿ ಅರ್ತ್ ವಯರು ಚಾಸಿಸ್ಸಿಗೆ ಸೇರುವ ಬೋಲ್ಟನ್ನು ಕಳಚಿದರೆ, ವಯರಿನ ತುದಿಯ ಬಳೆ ಹಸಿರು ಕಿಲುಬು ಹಿಡಿದು ಪುಡಿಯಾಗುತ್ತಿತ್ತು, ಅದರಡಿಯ ಕಬ್ಬಿಣಕ್ಕೆ ತುಕ್ಕಿನ ಪೊರೆ ಬಂದಿತ್ತು. ಎಮರಿ ಪೇಪರಿನಿಂದ ಉಜ್ಜಿ, ಹೊಸ ಬಳೆ ಒತ್ತಿಸಿ, ಬಿಗಿದ ಮೇಲೆ ವ್ಯಾಸಲಿನ್ ಬಳಿದೆ. ಮತ್ತೆ ಅಳೆದಾಗ 0.12.

ಎರಡನೆಯ ದೋಷವೂ ಇದೇ ಜಾತಿಯದ್ದು. ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ 12.6 ವೋಲ್ಟು, ಇಂಜಿನ್ ಏರಿಸಿದಾಗ 14ರ ಸುತ್ತಮುತ್ತ ಇರಬೇಕಾದಲ್ಲಿ, ನನ್ನದರಲ್ಲಿ ಏರಿಸಿದಾಗಲೂ 12.9 ದಾಟುತ್ತಿರಲಿಲ್ಲ. ರೆಕ್ಟಿಫೈಯರಿನ ಬುಡದಲ್ಲೇ ಮೊನೆ ಚುಚ್ಚಿ ನೋಡಿದರೆ 14.3 ಇತ್ತು. ಮಧ್ಯೆ ಕಳೆದುಹೋದ 1.4 ವೋಲ್ಟನ್ನು ಹುಡುಕುತ್ತ ಹೋದಾಗ ಟ್ಯಾಂಕಿನಡಿಯ ಬಿಳಿ ಕಪ್ಲರ್ (ವಯರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕೊಂಡಿ) ಕಂದು ತಿರುಗಿ, ಒಂದು ಪಿನ್ನಿನ ಸುತ್ತ ಕರಗಿದ್ದು ಕಂಡಿತು. ಐದು ಆಂಪಿಯರ್ ಹರಿಯುತ್ತಿದ್ದರೆ 1.4 ವೋಲ್ಟಿನ ನಷ್ಟವೆಂದರೆ 7 ವ್ಯಾಟ್ ಶಾಖ; ಸಾಸಿವೆಯಷ್ಟು ಜಾಗದಲ್ಲಿ ಅಷ್ಟು ಕಾದರೆ ಪ್ಲಾಸ್ಟಿಕ್ ಉಳಿಯುವುದಾದರೂ ಹೇಗೆ? ಕಪ್ಲರ್ ಬದಲಿಸಲು ತಗುಲಿದ್ದು 60 ರೂಪಾಯಿ. ಕಾಯಿಲ್ ಇಂದಿಗೂ ಹಳೆಯದೇ.

ಇನ್ನು ಮೀಟರಿನ ದೋಷಗಳು. ಇದು ತಾನಾಗಿ ಆಫ್ ಆಗುವುದಿಲ್ಲ. ಮರೆತರೆ ಒಳಗಿನ 9 ವೋಲ್ಟ್ ಬ್ಯಾಟರಿ ಸಾಯುತ್ತದೆ. ಸತ್ತರೆ ಪರವಾಗಿಲ್ಲ, ಸಾಯುವ ಮುನ್ನ ಅದು ಸುಳ್ಳು ಹೇಳುತ್ತದೆ: ಬ್ಯಾಟರಿ ಕುಗ್ಗಿದ ಮೀಟರು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. 2022ರಲ್ಲಿ ಚಾರ್ಜಿಂಗ್ 15.7 ಎಂದು ತೋರಿಸಿದಾಗ ರೆಕ್ಟಿಫೈಯರ್ ಕೊಳ್ಳಲು ಹೊರಟೇಬಿಟ್ಟಿದ್ದೆ. ಗೋಡೆ ಗಡಿಯಾರಕ್ಕೆಂದು ತಂದಿದ್ದ ಹೊಸ ಸೆಲ್ಲನ್ನು ಅಳೆದು ನೋಡೋಣವೆನಿಸಿತು, 1.6 ಇರಬೇಕಾದದ್ದು 1.8 ಎಂದಿತು. ಆಗ ಗುಟ್ಟು ತಿಳಿಯಿತು. ಅಂದಿನಿಂದ ಬೈಕನ್ನು ಮುಟ್ಟುವ ಮೊದಲು ಒಂದು ಸೆಲ್ಲಿನ ಮೇಲೆ ಮೀಟರನ್ನೇ ಪರೀಕ್ಷಿಸುವುದು ರೂಢಿಯಾಗಿದೆ.

ಜೊತೆಗೆ ಬಂದ ವಯರುಗಳು ಎರಡೇ ವರ್ಷಕ್ಕೆ ಬುಡದಲ್ಲಿ ಒಳಗೊಳಗೇ ತುಂಡಾದವು. 180 ರೂಪಾಯಿಯ ಸಿಲಿಕೋನ್ ವಯರುಗಳು ಈಗಲೂ ಮೆತ್ತಗಿವೆ. ಮಳೆಗಾಲದ ತೇವಕ್ಕೆ ತಿರುಗುಗುಂಡಿಯ ಒಳಗಿನ ಸಂಪರ್ಕಗಳು ಮಸುಕಾಗಿ ಅಂಕಿಗಳು ಕುಣಿಯುವುದುಂಟು, ಹತ್ತು ಬಾರಿ ಆಚೆಈಚೆ ತಿರುಗಿಸಿದರೆ ಸರಿಹೋಗುತ್ತದೆ. ಇಂಜಿನ್ ಓಡುವಾಗ ಪ್ಲಗ್ಗಿನ ವಯರಿನ ಸಮೀಪ ಹಿಡಿದರೆ ಕಿಡಿಯ ಪ್ರಭಾವದಿಂದಲೂ ಅಂಕಿಗಳು ಹುಚ್ಚೆದ್ದು ಓಡುತ್ತವೆ; ಒಂದು ಮೊಳ ದೂರ ಇಟ್ಟರೆ ಸಾಕು. ಕಾಯಿಲಿನ ರೆಸಿಸ್ಟೆನ್ಸ್ ಅಳೆಯಲು ಮಾತ್ರ ಇದನ್ನು ನಂಬಬಾರದು. ಅಲ್ಲಿ ಬೇಕಾದ ಅಳತೆ ಒಂದು ಓಮ್‌ಗೂ ಕಡಿಮೆ ಇರಬಹುದು, ಮೊನೆಗಳನ್ನು ಒಂದಕ್ಕೊಂದು ತಾಗಿಸಿದರೇ ಇದು 0.4 ಎನ್ನುತ್ತದೆ.

ಪತ್ತನಾಜೆ (ಮೇ ಕೊನೆಯ ಹೊತ್ತಿನ ತುಳು ಆಚರಣೆ) ಕಳೆದು ಮಳೆ ಹಿಡಿಯುವ ಮೊದಲು ಒಂದು ಭಾನುವಾರ ಅರ್ತಿಂಗ್, ಕಪ್ಲರ್, ಚಾರ್ಜಿಂಗ್ ಮೂರನ್ನೂ ಅಳೆದು ಬರೆದಿಡುತ್ತೇನೆ. ಈ ವರ್ಷ ಮೂರೂ ಸರಿಯಿದ್ದರೂ, ಹತ್ತು ದಿನ ನಿಲ್ಲಿಸಿದ ಬೈಕು ಸೆಲ್ಫ್ ಎತ್ತಲಿಲ್ಲ. ಕೀ ತೆಗೆದು, ಮೈನಸ್ ವಯರು ಬಿಚ್ಚಿ, ಅದಕ್ಕೂ ಬ್ಯಾಟರಿಗೂ ನಡುವೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿ ಜೋಡಿಸಿದೆ. (ಈ ತೂತಿಗೆ ಫ್ಯೂಸ್ ಇಲ್ಲ, ವಯರನ್ನು ಅಲ್ಲೇ ಮರೆತು ವೋಲ್ಟೇಜ್ ಅಳೆಯಲು ಹೋದರೆ ಬ್ಯಾಟರಿಯನ್ನೇ ಶಾರ್ಟ್ ಮಾಡಿದ ಹಾಗೆ.) ತೆರೆಯಲ್ಲಿ 0.02 ಆಂಪಿಯರ್ ಕಂಡಿತು. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು ಅರ್ಧ ಆಂಪಿಯರ್-ಅವರ್ (ಬ್ಯಾಟರಿ ಹಿಡಿದಿಡುವ ಚಾರ್ಜಿನ ಅಳತೆ), ಹತ್ತು ದಿನಕ್ಕೆ 9 ಆಂಪಿಯರ್-ಅವರಿನ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು. ಹಿಂದಿನ ಮಾಲೀಕರು ಹಾಕಿಸಿದ್ದ, ಇಷ್ಟು ವರ್ಷ ಒಮ್ಮೆಯೂ ಕೂಗದ ಕಳ್ಳರ ಅಲಾರಂ ಒಂದು ಸೈಡ್ ಪ್ಯಾನೆಲ್ ಒಳಗೆ ಇನ್‌ಸುಲೇಷನ್ ಟೇಪಿನಲ್ಲಿ ಸುತ್ತಿಕೊಂಡು ಕುಳಿತಿತ್ತು. ಅದರ ವಯರು ಕಿತ್ತ ಕೂಡಲೇ ಮೀಟರು 0.00ಕ್ಕೆ ಇಳಿಯಿತು.