ಬಲಗೈಯವರಿಗೆ ಎಡಗಣ್ಣು ಜೋರಾದರೆ: ಭುಜ ಬದಲಿಸಬೇಕೋ, ಟೇಪ್ ಅಂಟಿಸಬೇಕೋ?

ಕೈಲ್ ಮುಹೂರ್ತ ಬಂತೆಂದರೆ ಕೊಡಗಿನ ಊರುಗಳಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇದ್ದೇ ಇರುತ್ತದೆ, ಅಲ್ವಾ? ಕೈ ನಡುಗದಿದ್ದರೂ ಗುರಿ ತಪ್ಪುತ್ತಿದ್ದರೆ ಕಣ್ಣು ಪರೀಕ್ಷಿಸಿಕೊಳ್ಳಿ. ತೋಳು ಚಾಚಿ, ಎರಡೂ ಅಂಗೈ ಸೇರಿಸಿ ಚಿಕ್ಕ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು ಅದರೊಳಗಿಂದ ದೂರದ ಸಿಲ್ವರ್ ಮರ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಮರ ಕಿಂಡಿಯಲ್ಲೇ ಉಳಿಯಿತೋ ಆ ಕಣ್ಣೇ ಜೋರು, ಅಂದರೆ ಗುರಿ ನೋಡುವಾಗ ಮಿದುಳು ಹೆಚ್ಚು ನಂಬುವುದು ಅದನ್ನೇ.

ಬಲಗೈಯವರಿಗೆ ಅದು ಎಡಗಣ್ಣಾದರೆ?

ಹೊಸಬರು ಕೋವಿಯನ್ನು ಎಡಭುಜಕ್ಕೆ ಇಡುವುದೇ ಮೇಲು ಅಂತ ನನ್ನ ಅನಿಸಿಕೆ. ಎರಡೂ ಕಣ್ಣು ತೆರೆದೇ ಹೊಡೆಯಬಹುದು. ಹಾರುವ ಗುರಿಗೆ ಇದು ತುಂಬಾ ಮುಖ್ಯ, ದೂರ ಮತ್ತು ವೇಗದ ಅಂದಾಜು ಚೆನ್ನಾಗಿ ಸಿಗುತ್ತದೆ. ಮೊದಮೊದಲು ಕೈ ಒಗ್ಗುವುದಿಲ್ಲ. ಬಲಗೈಯವರಿಗೆಂದೇ ಮಾಡಿದ ಬೋಲ್ಟ್ (ಪ್ರತಿ ಗುಂಡಿಗೂ ಕೈಯಿಂದ ಎಳೆದು ತಳ್ಳುವ ಹಿಡಿ) ಕೋವಿಯಾದರೆ ಬೋಲ್ಟ್ ಎಳೆಯುವುದೂ ಕಷ್ಟ.

ವರ್ಷಗಟ್ಟಲೆ ಬಲಭುಜದಲ್ಲೇ ಹೊಡೆದವರು ಕನ್ನಡಕದ ಎಡಗಾಜಿಗೆ ಮಬ್ಬು ಟೇಪ್ ಅಂಟಿಸಿಕೊಳ್ಳಲಿ. ಕಣ್ಣು ಬಿಗಿಯಾಗಿ ಮುಚ್ಚಿದರೆ ಮುಖವೆಲ್ಲ ಸೆಟೆದುಕೊಳ್ಳುತ್ತದೆ, ಟೇಪಿನಲ್ಲಿ ಆ ಕಾಟವಿಲ್ಲ. ಅಲುಗಾಡದ ತೆಂಗಿನಕಾಯಿಗೆ ಇಷ್ಟು ಸಾಕು.

ಪಿಸ್ತೂಲಿಗೆ ಭುಜ ಬದಲಿಸುವುದಾಗಲಿ ಟೇಪಾಗಲಿ ಬೇಕಾಗುವುದು ಕಡಿಮೆ. ತಲೆ ತುಸು ತಿರುಗಿಸಿದರೆ ಆಯಿತು.

ಭುಜ ಬದಲಿಸುವುದಾದರೆ ಮೊದಲು ಖಾಲಿ ಕೋವಿಯಲ್ಲಿ, ಅನುಭವ ಇರುವವರ ಎದುರು ಅಭ್ಯಾಸ ಮಾಡಿ.