ಸ್ಕಾರ್ಪಿಯೊ 2012: ಎರಡೂವರೆ ವರ್ಷ, 43,000 ಕಿ.ಮೀ. ಮತ್ತು ಒಂದು ಬೆಲ್ಲದ ವಾಸನೆ

ಪವರ್ ಎಷ್ಟು, ಮೈಲೇಜ್ ಎಷ್ಟು, ಹಿಂದಿನ ಸೀಟಲ್ಲಿ ಎಷ್ಟು ಜನ ಹಿಡಿಸುತ್ತಾರೆ ಅನ್ನುವುದನ್ನೆಲ್ಲ ನೀವು ಆಗಲೇ ಓದಿರುತ್ತೀರಿ. ನಾನು ಹೇಳುವುದು ಬೇರೆ. ಬೇರೆಯವರು 1,68,000 ಕಿಲೋಮೀಟರ್ ಓಡಿಸಿ, ಸರಿಯಾಗಿ ನೋಡಿಕೊಳ್ಳದೆ ಬಿಟ್ಟ ಗಾಡಿಯನ್ನು ತಗೊಂಡರೆ ಏನಾಗುತ್ತದೆ ಅನ್ನುವುದು.

2023ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ತಗೊಂಡೆ, 4.10 ಲಕ್ಷಕ್ಕೆ. ಕೆಎ 13 ನಂಬರ್. ಮನೆ ಚಿಕ್ಕಮಗಳೂರಲ್ಲಿ, ಆಲ್ದೂರಿನ ಹತ್ತಿರ ಮೂರು ಎಕರೆ ಕಾಫಿ ತೋಟ. ವಾರಕ್ಕೆ ಎರಡು ಮೂರು ಸಲ ಹೋಗಬೇಕು, ಮಳೆಗಾಲದಲ್ಲಿ ಕೊನೆಯ ಎರಡು ಕಿಲೋಮೀಟರ್ ಕೆಸರು. ಹೊಸದು ತಗೊಳ್ಳುವ ಬಜೆಟ್ ಇರಲಿಲ್ಲ. ಗಾಡಿ ಕೊಟ್ಟವರು ಪಾಲಿಶ್ ಹೊಡೆಸಿ, ಹೊಸ ಸೀಟ್ ಕವರ್ ಹಾಕಿಸಿ ನಿಲ್ಲಿಸಿದ್ದರು. ಆಯಿಲ್ ಬದಲಾಯಿಸಿದ ಬಿಲ್ಲುಗಳನ್ನೆಲ್ಲ ಜೋಡಿಸಿಟ್ಟು ತೋರಿಸಿದರು. ನಾನೂ ಖುಷಿಯಾದೆ. ಎಂಜಿನ್ ಆಯಿಲ್ ಬಿಟ್ಟು ಬೇರೆ ಯಾವುದನ್ನೂ ಮುಟ್ಟಿಲ್ಲ ಅಂತ ಆಮೇಲೆ ಗೊತ್ತಾಯಿತು.

ನಮ್ಮ ಮೆಕ್ಯಾನಿಕ್ ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆ ಇಲಿ ಗೂಡು. ಬಟ್ಟೆ ಚೂರು, ಭತ್ತದ ಹೊಟ್ಟು, ಅರ್ಧ ತಿಂದ ಕಡಲೆಕಾಯಿ. ಟೈರ್ ಗ್ರಿಪ್ ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಪಕ್ಕದಲ್ಲಿ 1517 ಅಂತ ಅಚ್ಚು. ಅಂದರೆ 2017ರ 15ನೇ ವಾರದ ಮಾಲು. ಬೆರಳಲ್ಲಿ ಒತ್ತಿದರೆ ರಬ್ಬರ್ ಪೂರ್ತಿ ಸಣ್ಣ ಸಣ್ಣ ಬಿರುಕು. ಬ್ರೇಕ್ ಆಯಿಲ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದರೆ ಆ ನೀರು ಕುದಿದು ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವುದು. ಇಲ್ಲಿ ಒಮ್ಮೆಯೂ ಬದಲಾಯಿಸಿದ ಹಾಗೆ ಕಾಣಲಿಲ್ಲ.

ಆಮೇಲೆ ರೇಡಿಯೇಟರ್ ಮುಚ್ಚಳ ತೆಗೆದರು. ಒಳಗೆ ಕೂಲೆಂಟ್ ಇಲ್ಲ. ಆಷಾಢದ ಹಳ್ಳದಲ್ಲಿ ಹರಿಯುತ್ತದಲ್ಲ, ಅಂಥ ಕೆಂಪು ನೀರು. ಬೋರ್‌ವೆಲ್ ನೀರನ್ನೇ ವರ್ಷಗಟ್ಟಲೆ ತುಂಬಿಸಿದ್ದಾರೆ. ನಮ್ಮ ಕಡೆ ಚಳಿಗೆ ನೀರು ಹೆಪ್ಪುಗಟ್ಟುವುದಿಲ್ಲವಲ್ಲ, ಕೂಲೆಂಟ್ ಯಾಕೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಒಳಗಿನ ಲೋಹಕ್ಕೆ ತುಕ್ಕು ಹಿಡಿಯದಂತೆ ತಡೆಯುವುದೂ ಅದೇ, ಎಂಜಿನ್ ಬಿಸಿಯಾದರೂ ನೀರು ಬೇಗ ಕುದಿಯದಂತೆ ನೋಡಿಕೊಳ್ಳುವುದೂ ಅದೇ.

ಟೈರಿಗೆ 36,000, ಆಯಿಲ್ ಫಿಲ್ಟರ್ ಎಲ್ಲ ಸೇರಿ 14,000, ಮುಂದಿನ ಬುಶ್ ಮತ್ತು ಲಿಂಕ್ ರಾಡಿಗೆ 9,000. ಒಟ್ಟು 59,000. ನಾನು ಎತ್ತಿಟ್ಟಿದ್ದು 40,000. ಆದರೂ ಬೇಜಾರಾಗಲಿಲ್ಲ. ರೇಡಿಯೇಟರ್ ಫ್ಲಶ್ ಮಾಡಿಸಿ, ಡಿಸ್ಟಿಲ್ಡ್ ನೀರಿಗೆ ಅರ್ಧಕ್ಕರ್ಧ ಹಸಿರು ಕೂಲೆಂಟ್ ಹಾಕಿಸಿ ಮನೆಗೆ ಬಂದ ದಿನ ಗಾಡಿ ಬೆಣ್ಣೆ ಹಾಗೆ ಓಡುತ್ತಿತ್ತು. ಆವತ್ತು ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ.

ಆವತ್ತಿನಿಂದ ಒಂದು ಚಟ ಹತ್ತಿತು. ಬೆಳಿಗ್ಗೆ ಆರಕ್ಕೆ ಕಾಫಿ ಲೋಟ ಹಿಡಿದು ಹೊರಗೆ ಬರುವುದು, ಲೋಟವನ್ನು ಕಾಂಪೌಂಡ್ ಗೋಡೆ ಮೇಲೆ ಇಟ್ಟು ಬಾನೆಟ್ ಎತ್ತುವುದು. ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಬಾಟಲಿಯ ಎರಡು ಗೆರೆಗಳ ನಡುವೆ ಹಸಿರು ಎಲ್ಲಿದೆ ನೋಡುವುದು. ಬಾಟಲಿ ಹಳದಿಗಟ್ಟಿ ಸರಿಯಾಗಿ ಕಾಣುವುದಿಲ್ಲ, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಬೇಕು. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಒರೆಸಲು ಹಳೆ ಬನಿಯನ್ನಿನ ಒಂದು ತುಂಡು ಬ್ಯಾಟರಿ ಪಕ್ಕದಲ್ಲೇ ಸಿಕ್ಕಿಸಿಟ್ಟಿದ್ದೇನೆ. ಎಲ್ಲ ಸೇರಿ ಮೂರು ನಿಮಿಷ. ಅಷ್ಟರಲ್ಲಿ ಕಾಫಿ ಕುಡಿಯುವ ಹದಕ್ಕೆ ಬಂದಿರುತ್ತದೆ.

ಜೂನ್‌ನಲ್ಲಿ ಕೂಲೆಂಟ್ ಗೆರೆಯಿಂದ ಕೆಳಗಿಳಿಯಲು ಶುರುವಾಯಿತು. ಹತ್ತು ದಿನಕ್ಕೆ ಅರ್ಧ ಲೀಟರ್. ಕೆಳಗೆ ರಟ್ಟು ಹಾಸಿ ನೋಡಿದೆ, ಒಂದು ಹನಿ ಇಲ್ಲ. ಹೊಗೆ ಬಿಳಿ ಬರುತ್ತಿಲ್ಲ, ಆಯಿಲ್‌ಗೆ ನೀರು ಸೇರಿಲ್ಲ. ಹಾಗಾದರೆ ಎಲ್ಲಿಗೆ ಹೋಗುತ್ತಿದೆ? ಇನ್ನೊಬ್ಬ ಮೆಕ್ಯಾನಿಕ್ ಗಾಡಿ ಮುಟ್ಟದೆಯೇ, ಎಂಜಿನ್ ಒಳಗೆ ನೀರು ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂದುಬಿಟ್ಟರು. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಅದೇ ಹೊತ್ತಿಗೆ ಒಳಗಡೆ ಗ್ಲಾಸ್ ಮಂಜಾಗುವುದು ಜಾಸ್ತಿಯಾಯಿತು. ಮಳೆಗಾಲ, ಮಲೆನಾಡು, ಮಂಜಾಗದೆ ಇನ್ನೇನು ಅಂತ ಸುಮ್ನೆ ಒರೆಸಿಕೊಂಡು ಓಡಿಸುತ್ತಿದ್ದೆ. ಒರೆಸಿದರೂ ಜಿಡ್ಡು ಉಳಿಯುತ್ತಿತ್ತು. "ರೀ, ಗಾಡಿಯಲ್ಲಿ ಬೆಲ್ಲದ ಪಾಕ ಏನಾದ್ರೂ ಚೆಲ್ಲಿದೀರಾ?" ಅಂತ ನನ್ನ ಹೆಂಡತಿ ಎರಡು ಸಲ ಕೇಳಿದಳು. ತೋಟದ ಆಳುಗಳಿಗೆ ಬೆಲ್ಲ ತಂದಿದ್ದೆ, ಅದೇ ಇರಬೇಕು ಅಂದೆ. ಅವಳ ಕಾಲ ಕೆಳಗಿನ ಮ್ಯಾಟ್ ಒದ್ದೆಯಾಗಿದ್ದಕ್ಕೂ ನನ್ನ ಹತ್ತಿರ ಉತ್ತರ ಇತ್ತು: ಎಸಿ ನೀರು.

ಕಾರ್ತಿಕದಲ್ಲಿ ಲಕ್ಷದೀಪಕ್ಕೆ ಧರ್ಮಸ್ಥಳಕ್ಕೆ ಹೋದೆವು, ಏಳು ಜನ. ವಾಪಸ್ ಬರುವಾಗ ಚಾರ್ಮಾಡಿ ಹತ್ತುತ್ತಿದ್ದೇವೆ, ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲೇರಿತು. ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಇಟ್ಟೆ. ಎಂಜಿನ್ನಿನ ಬಿಸಿ ನೀರೇ ಹೀಟರಿಗೂ ಹರಿಯುವುದು, ಅದನ್ನು ಹಾಕಿದರೆ ಒಂದಷ್ಟು ಶಾಖ ಆ ಕಡೆಯಿಂದಲೂ ಹೊರಗೆ ಹೋಗುತ್ತದೆ. ಕೇಳಿದ್ದೆ, ಮಾಡಿದ್ದು ಅದೇ ಮೊದಲು. ಡ್ಯಾಶ್‌ಬೋರ್ಡಿನ ಗಾಳಿ ಕಿಂಡಿಗಳಿಂದ ಬುಸ್ ಅಂತ ಆವಿ ಬಂತು. ಗ್ಲಾಸ್ ಒಂದೇ ಕ್ಷಣದಲ್ಲಿ ಹಾಲು ಬಳಿದ ಹಾಗೆ. ಮೂಗಿಗೆ ಹೊಡೆದದ್ದು ಬಿಸಿ ಬೆಲ್ಲದ ವಾಸನೆ. ಹಿಂದಿನಿಂದ ಅತ್ತೆ "ಮಂಜುನಾಥಾ!" ಅಂದರು. ತಲೆ ಹೊರಗೆ ಹಾಕಿ ದಾರಿ ನೋಡಿಕೊಂಡು ಅಣ್ಣಪ್ಪಸ್ವಾಮಿ ಗುಡಿವರೆಗೆ ಹೇಗೋ ತಂದು ನಿಲ್ಲಿಸಿದೆ. ಮುಕ್ಕಾಲು ಗಂಟೆ ಮುಚ್ಚಳ ಮುಟ್ಟಲಿಲ್ಲ. ಬಿಸಿ ಇರುವಾಗ ತೆಗೆದರೆ ಕುದಿವ ನೀರು ಮುಖಕ್ಕೇ ಹಾರುತ್ತದೆ. ತಣ್ಣಗಾದ ಮೇಲೆ ಎರಡು ಬಾಟಲಿ ಕುಡಿಯುವ ನೀರು ಹಾಕಿಕೊಂಡು ಕೊಟ್ಟಿಗೆಹಾರ ಮುಟ್ಟಿದೆವು. ನೀರ್‌ದೋಸೆ ತಿನ್ನುವ ಪ್ಲಾನ್ ಇತ್ತು, ಯಾರಿಗೂ ಬೇಡವಾಗಿತ್ತು.

ನಮ್ಮ ಮೆಕ್ಯಾನಿಕ್ ಮ್ಯಾಟ್ ಎತ್ತಿ, ಕಾರ್ಪೆಟ್ ಹಿಂಡಿ, ಬೆರಳಿಗೆ ಬೆರಳು ಉಜ್ಜಿ ತೋರಿಸಿದರು. ಎಸಿ ನೀರಾದರೆ ಬರೀ ನೀರು. ಇದು ಅಂಟು ಅಂಟು, ತೆಳು ಹಸಿರು. "ಗೌಡ್ರೇ, ಹೀಟರ್ ಕೋರ್ ಹೋಗಿದೆ." ಹೀಟರ್ ಕೋರ್ ಅಂದರೆ ಡ್ಯಾಶ್‌ಬೋರ್ಡ್ ಒಳಗೆ ಕೂತಿರುವ ಪುಟ್ಟ ರೇಡಿಯೇಟರ್. ಕೂಲೆಂಟ್ ಅಲ್ಲಿಂದಲೇ ಸೋರುತ್ತಿತ್ತು, ಬೆಲ್ಲದ ವಾಸನೆಯೂ ಅದರದ್ದೇ. ಆರು ತಿಂಗಳ ಹಿಂದೆ ಎಲ್ಲ ಕ್ಲೀನ್ ಮಾಡಿದ್ದೆವಲ್ಲ ಅಂದೆ. "ಅದಕ್ಕೇ ಹೋಗಿರೋದು. ತುಕ್ಕು ತಿಂದ ತೂತನ್ನ ಆ ಕೊಳೇನೇ ಮುಚ್ಚಿಕೊಂಡಿತ್ತು. ನಾವು ತೊಳೆದ್ವಿ, ಬಿಟ್ಕೊಳ್ತು" ಅಂದರು.

ನನಗೆ ಸಿಟ್ಟು ಬಂದದ್ದು ಇಲ್ಲಿ. ನೋಡಿಕೊಳ್ಳದವನು ಆರಾಮಾಗಿ ಮಾರಿ ಹೋದ, ನೋಡಿಕೊಂಡವನಿಗೆ ಬಿಲ್ಲು. ಗಾಡಿ ಕಂಪನಿಯನ್ನು ಬೈಯುವ ಹಾಗೂ ಇಲ್ಲ. ಬೋರ್‌ವೆಲ್ ನೀರು ಕುಡಿಸಿ ಅಂತ ಅವರೇನೂ ಹೇಳಿರಲಿಲ್ಲ.

ಡ್ಯಾಶ್‌ಬೋರ್ಡ್ ಬಿಚ್ಚುವುದಕ್ಕೆ ಎರಡು ದಿನ, ಹತ್ತು ಸಾವಿರದ ಮೇಲೆ ಅಂದರು. ದುಡ್ಡಿರಲಿಲ್ಲ. ಬಾನೆಟ್ ಒಳಗೆ ಹೀಟರಿಗೆ ಹೋಗುವ ಪೈಪು, ಬರುವ ಪೈಪು ಎರಡನ್ನೂ ಒಂದಕ್ಕೊಂದು ಸೇರಿಸಿ ಬೈಪಾಸ್ ಮಾಡಿಸಿದೆ. 350 ರೂಪಾಯಿ. ಲೀಕ್ ನಿಂತಿತು, ಮುಳ್ಳು ಮತ್ತೆ ಮೇಲೇರಲಿಲ್ಲ. ಬೆಂಗಳೂರಲ್ಲಿದ್ದಿದ್ದರೆ ಅಲ್ಲಿಗೇ ಬಿಡುತ್ತಿದ್ದೆನೋ ಏನೋ. ಜನವರಿಯಲ್ಲಿ ಕಾಫಿ ಕುಯ್ಲಿಗೆ ಬೆಳಿಗ್ಗೆ ಐದೂವರೆಗೆ ಆಲ್ದೂರ್ ರೋಡಲ್ಲಿ ಹೋಗಿ ನೋಡಿ. ಗ್ಲಾಸಿನ ಮಂಜು ಬಿಡಿಸಲು ಎಸಿ ಹಾಕಬೇಕು, ಎಸಿ ಹಾಕಿದರೆ ಹಲ್ಲು ಕಟಕಟ. ಹೆಂಡತಿ ಕಂಬಳಿ ತರುತ್ತಿದ್ದಳು. ಹಾಗೇ ಎರಡು ಚಳಿಗಾಲ ಕಳೆದೆವು.

(ಒಂದು ಮಾತು. ಇಳಿಸಿದ ಕೂಲೆಂಟನ್ನು ಬಕೆಟಲ್ಲಿ ತೆರೆದಿಡಬೇಡಿ. ಸಿಹಿ ಇರುತ್ತದೆ ಅಂತ ನಾಯಿಗಳು ನೆಕ್ಕುತ್ತವೆ, ಅದು ವಿಷ.)

ಈ ವರ್ಷ ಮೆಣಸಿನ ದುಡ್ಡು ಬಂದ ಮೇಲೆ ಹೊಸ ಕೋರ್ ಹಾಕಿಸಿದೆ, 11,200 ಆಯಿತು. ಬಿಚ್ಚಿದ ಹಳೆಯದನ್ನು ಕೇಳಿ ತಂದಿಟ್ಟುಕೊಂಡಿದ್ದೇನೆ. ಅಂಗೈ ಅಗಲದ ವಸ್ತು. ಅಲ್ಲಾಡಿಸಿದರೆ ಒಳಗಿನಿಂದ ಇಟ್ಟಿಗೆ ಪುಡಿ ಉದುರುತ್ತದೆ.

ಈಗ 2,11,000 ಆಗಿದೆ. ಎಂಜಿನ್ ಒಂದು ದಿನವೂ ಕೈ ಕೊಟ್ಟಿಲ್ಲ, ಕೆಸರಲ್ಲಿ ಒಂದು ಸಲವೂ ಸಿಕ್ಕಿಕೊಂಡಿಲ್ಲ. ನಾಲ್ಕು ಸ್ಟಾರ್ ಕೊಡುತ್ತೇನೆ. ಹೋದ ವರ್ಷ ಕೇಳಿದ್ದರೆ ಎರಡು. ಇಂಥ ಗಾಡಿ ನೋಡಲು ಹೋದರೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ರೇಡಿಯೇಟರ್ ಮುಚ್ಚಳ ತೆಗೆಸಿ ನೋಡಿ. ಕೆಂಪು ನೀರು ಕಂಡರೆ ರೇಟಿನಲ್ಲಿ ಮೂವತ್ತು ಸಾವಿರ ಇಳಿಸಿ ಮಾತಾಡಿ, ಇಲ್ಲಾ ವಾಪಸ್ ಬನ್ನಿ.

ಹದಿನೈದು ವರ್ಷದ ಆರ್‌ಸಿ 2027ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಹಿಂದಿನ ವೈಪರ್ ಒಂದು ಮಾಡಿಸಬೇಕು. ಹೀಟರ್ ಈಗ ಚೆನ್ನಾಗಿದೆ. ಮೊನ್ನೆ ಬೆಳಿಗ್ಗೆ ತೋಟಕ್ಕೆ ಹೊರಟಾಗ ಹಾಕಿದೆ. ಹೆಂಡತಿ ಕಿಂಡಿ ಹತ್ತಿರ ಮೂಗು ಇಟ್ಟು ಎರಡು ಸಲ ಮೂಸಿ ನೋಡಿ, ಆಮೇಲೆ ಚಪ್ಪಲಿ ಬಿಟ್ಟು ಕಾಲು ಮುಂದಕ್ಕೆ ಚಾಚಿದಳು.