ಅಪ್ಪಯ್ಯನ ಹಳೇ ಪಿಕಪ್: ಭಂಗಾರಕ್ಕೆ (ಗುಜರಿಗೆ) ಹಾಕೋದಾ, ಸಂಗ್ರಾಹಕರಿಗೆ ಕೊಡೋದಾ?

ಗಾಡಿ ಒಂದೇ. ಅದಕ್ಕೆ ಭಂಗಾರದವನು ಕಟ್ಟಿದ ಬೆಲೆ 38 ಸಾವಿರ. ಕೊನೆಗೆ ಮಾರಿದ್ದು 2 ಲಕ್ಷದ 10 ಸಾವಿರಕ್ಕೆ. ನಡುವೆ ನಾನು ಅದಕ್ಕೆ ಒಂದು ಹೊಸ ಬೋಲ್ಟು ಕೂಡ ಹಾಕಿಸಲಿಲ್ಲ. ತೂಕ ಹಾಕುವವನಿಗೆ ಅದು ಕಬ್ಬಿಣ, ಗ್ಯಾರೇಜಿನವರಿಗೆ ಎಂಜಿನ್, ಸಂಗ್ರಾಹಕರಿಗೆ ತಗಡು ಮತ್ತು ಕಾಗದ. ಯಾರಿಗೆ ಏನು ಬೇಕು ಅಂತ ಗೊತ್ತಾದರೆ ಮಾರೋದು ಸುಲಭ, ಗೊತ್ತಾಗುವವರೆಗೆ ತಲೆನೋವು. ಮುಂಬೈ, ಠಾಣೆ ಕಡೆ ಹಳೇ ಜೀಪು, ಮೆಟಡೋರು ನಿಲ್ಲಿಸಿಕೊಂಡು ಏನು ಮಾಡೋದು ಅಂತ ಯೋಚಿಸುತ್ತಿರುವ ನಮ್ಮವರು ಬಹಳ ಜನ ಇದ್ದಾರೆ. ಅವರಿಗಾಗಿ ಇದು.

ನಮ್ಮದು ಮಹೀಂದ್ರ ಎಫ್‌ಸಿ-150, 1968ರ ನೋಂದಣಿ. ನೋಡದವರಿಗೆ ಹೇಳಬೇಕೆಂದರೆ, ಮೂತಿ ಇಲ್ಲದ ಜೀಪು. ಡ್ರೈವರ್ ಮುಂದಿನ ಚಕ್ರದ ಮೇಲೇ ಕೂರಬೇಕು. ಎಂಜಿನ್ ಎರಡು ಸೀಟಿನ ನಡುವೆ ಮುಚ್ಚಳದ ಕೆಳಗೆ. ಹಿಂದೆ ಸಾಮಾನು ಹೇರುವ ಬಾಡಿ. ಅಮೆರಿಕದ ವಿಲ್ಲಿಸ್ ಕಂಪನಿಯ 1950ರ ದಶಕದ ಮಾದರಿ ಇದು. ಅಲ್ಲಿ 1965ಕ್ಕೆ ನಿಂತಿತು, ಇಲ್ಲಿ ಮಹೀಂದ್ರದವರು ಮಾಡುತ್ತಲೇ ಇದ್ದರು. ಅಪ್ಪಯ್ಯ ಮುಲುಂಡಿನ ಹೋಟೆಲಿಗೆ ತೆಂಗಿನಕಾಯಿ, ಬಾಳೆಲೆ, ಗೋಣಿಗಟ್ಟಲೆ ಈರುಳ್ಳಿ ತರುತ್ತಿದ್ದುದು ಇದರಲ್ಲೇ. ಆಮೇಲೆ ಗೋಡೌನಿನ ಹಿಂದೆ ನಿಂತದ್ದು ನಿಂತೇ ಹೋಯಿತು. ಎಂಜಿನ್ ಜಾಮ್. ಕಾಲಿಡುವ ಕಡೆ ತಗಡು ತೂತು. ಮುಂಬೈ ಗಾಳಿ, ನಾಲ್ಕು ತಿಂಗಳ ಮಳೆ, ಇನ್ನೇನಾಗುತ್ತೆ? ಆದರೆ ಯಾರೂ ಅದರಿಂದ ಏನನ್ನೂ ಬಿಚ್ಚಿಕೊಂಡು ಹೋಗಿರಲಿಲ್ಲ. ಕೊನೆಗೆ ಬೆಲೆ ಬಂದದ್ದು ಅದಕ್ಕೇ.

ಯಾವ ದಾರಿ ಹಿಡಿದರೂ ಮೊದಲು ಕಾಗದ. ಆರ್‌ಸಿ ತೀರಿಕೊಂಡವರ ಹೆಸರಲ್ಲಿದ್ದರೆ ಫಾರ್ಮ್ 31 ಹಾಕಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ಮರಣ ಪ್ರಮಾಣಪತ್ರದ ಜೊತೆ ಉಳಿದ ವಾರಸುದಾರರ ಒಪ್ಪಿಗೆಯನ್ನೂ ಕೇಳುತ್ತಾರೆ. ಅಕ್ಕ ಇರುವುದು ಕುಂದಾಪುರದಲ್ಲಿ. "ಅಪ್ಪಯ್ಯನ ಗಾಡಿ ಮಾರ್ತೀಯಾ?" ಅಂತ ಅತ್ತು, ಬೈದು, ಆಮೇಲೆ ಸಹಿ ಹಾಕಿದಳು. ನಮ್ಮಂಥ ಹಳೇ ಗಾಡಿಯ ಆರ್‌ಸಿ ಅಂದರೆ ಕೈಬರಹದ ಪುಸ್ತಕ. ಅದನ್ನು ಮೊದಲು ಆರ್‌ಟಿಒ ಕಂಪ್ಯೂಟರಿಗೆ ಏರಿಸಬೇಕು, ಏಜೆಂಟರ ಬಾಯಲ್ಲಿ ಅದು ‘ಬ್ಯಾಕ್‌ಲಾಗ್’. ಮಹಾರಾಷ್ಟ್ರದಲ್ಲಿ ಪರ್ಯಾವರಣ (ಪರಿಸರ) ತೆರಿಗೆ ಬೇರೆ ಇದೆ. ಖಾಸಗಿ ಗಾಡಿಗೆ 15 ವರ್ಷ ಕಳೆದ ಮೇಲೆ, ಸಾರಿಗೆ ಗಾಡಿಗೆ 8 ವರ್ಷ ಕಳೆದ ಮೇಲೆ ಕಟ್ಟಬೇಕು. ಬಾಕಿ ಎಷ್ಟಿದೆ ಅಂತ ನೀವೇ ಮೊದಲು ತಿಳಿದುಕೊಳ್ಳಿ. ಇಲ್ಲದಿದ್ದರೆ ಕೊಳ್ಳುವವನು ತನಗೆ ಬೇಕಾದಷ್ಟು ಅಂದಾಜು ಮಾಡಿ ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ.

ಮೊದಲು ಬಂದವನು ಕುರ್ಲಾದ ಭಂಗಾರ್‌ವಾಲಾ. ಇವರಷ್ಟು ಬೇಗ ಬೇರೆ ಯಾರೂ ಬರುವುದಿಲ್ಲ. ಬಾಗಿಲು ಕೂಡ ತೆರೆದು ನೋಡಲಿಲ್ಲ. ಟೈರಿಗೆ ಒದ್ದ, ಬಗ್ಗಿ ಚಾಸಿ ನೋಡಿದ, ಬಾಯಲ್ಲೇ ಕಿಲೋ ಲೆಕ್ಕ ಹಾಕಿ 38 ಅಂದ. ನಗದು ಕೈಗೆ, ಟೆಂಪೋ ಅವನದೇ, ಗ್ಯಾಸ್ ಕಟರ್ ಅವನದೇ. ಸಂಜೆಯೊಳಗೆ ಜಾಗ ಖಾಲಿ. ಗೋಡೌನಿಗೆ ಬಾಡಿಗೆ ಕಟ್ಟುವವರಿಗೆ ಇದು ಸಣ್ಣ ಆಸೆಯಲ್ಲ. ಆದರೆ "ಆರ್‌ಟಿಒ ಕೆಲಸ ನಾನು ನೋಡ್ಕೋತೀನಿ, ಬಿಡಿ" ಅಂದನಲ್ಲ, ಅಲ್ಲಿಗೆ ನಾನು ಬೇಡ ಅಂದೆ. ಗಾಡಿ ಒಡೆದರೂ ಆರ್‌ಸಿ ಬದುಕಿರುತ್ತದೆ. ಮೋಟಾರು ವಾಹನ ಕಾಯಿದೆಯ 55ನೇ ಕಲಮಿನ ಪ್ರಕಾರ, ಗಾಡಿ ನಾಶವಾದರೆ 14 ದಿನದೊಳಗೆ ತಿಳಿಸಬೇಕಾದವನು ಮಾಲೀಕ, ಭಂಗಾರದವನಲ್ಲ. ನಮ್ಮ ಚಾಸಿ ನಂಬರು ಯಾವುದೋ ಕಳ್ಳ ಜೀಪಿನ ಮೇಲೆ ಹೋಗಿ ಕೂತರೆ ಪೊಲೀಸರು ತಟ್ಟುವುದು ನಮ್ಮ ಬಾಗಿಲನ್ನೇ.

ಈ ಭಯ ಬೇಡ ಅನ್ನುವವರಿಗೆ ಸರಕಾರದ ಮಾನ್ಯತೆ ಪಡೆದ ಸ್ಕ್ರ್ಯಾಪಿಂಗ್ ಕೇಂದ್ರಗಳಿವೆ, 2021ರ ನಿಯಮದಂತೆ ನಡೆಯುವಂಥವು. ಗಾಡಿ ಒಪ್ಪಿಸಿದರೆ ಒಂದು ಡೆಪಾಸಿಟ್ ಸರ್ಟಿಫಿಕೇಟ್ ಕೊಡುತ್ತಾರೆ. ಅದರ ಮೇಲೆ ಹೊಸ ಗಾಡಿ ಕೊಂಡರೆ ವಾಹನ ತೆರಿಗೆಯಲ್ಲಿ ಖಾಸಗಿ ಗಾಡಿಗೆ 25 ಪರ್ಸೆಂಟ್, ಸಾರಿಗೆ ಗಾಡಿಗೆ 15 ಪರ್ಸೆಂಟ್‌ವರೆಗೆ ರಿಯಾಯಿತಿಗೆ ಕೇಂದ್ರದ ನಿಯಮದಲ್ಲಿ ಅವಕಾಶ ಇದೆ. ಗಾಡಿಗೆ ಹೊಸದರ ಷೋರೂಂ ಬೆಲೆಯ 4ರಿಂದ 6 ಪರ್ಸೆಂಟ್ ಸಿಗುತ್ತೆ ಅಂತ ನೀತಿ ತಂದಾಗ ಹೇಳಿದ್ದರು. 1968ರ ಪಿಕಪ್‌ಗೆ ಈಗಿನ ಷೋರೂಂ ಬೆಲೆ ಎಲ್ಲಿಂದ ತರೋದು? ಇಲ್ಲೂ ಕಿಲೋ ಲೆಕ್ಕವೇ ಬಂತು, ಕುರ್ಲಾದವನಿಗಿಂತ ಒಂದಿಷ್ಟು ಕಡಿಮೆ. ಹದಿನೈದು ವರ್ಷ ಓಡಿಸಿದ ಸಾದಾ ಕಾರಿಗೆ ಕಣ್ಣು ಮುಚ್ಚಿಕೊಂಡು ಇಲ್ಲಿಗೇ ಹೋಗಿ. ಈಗ ಅಪರೂಪವಾಗಿರುವ ಗಾಡಿಯನ್ನು ಇಲ್ಲಿಗೆ ತಳ್ಳಿಕೊಂಡು ಹೋಗಬೇಡಿ.

ಗ್ಯಾರೇಜಿನ ದಾರಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಬಹಳ ಜನ ಜಾರುವುದು ಇಲ್ಲೇ. ಭಿವಂಡಿ ರಸ್ತೆಯ ಒಬ್ಬ ಉಸ್ತಾದ್, ಜೀಪು ಬಿಚ್ಚಿ ಕಟ್ಟಿಯೇ ತಲೆ ಬೆಳ್ಳಗಾದವರು. ಒಳ್ಳೆಯ ಮನುಷ್ಯ, ಕೆಲಸವೂ ಗೊತ್ತು. ಇದ್ದ ಹಾಗೆ ಕೊಟ್ಟರೆ 85 ಸಾವಿರ ಅಂದರು. ಇಲ್ಲದಿದ್ದರೆ ಗಾಡಿ ಅವರಲ್ಲಿ ಬಿಡಬೇಕು, ಟಿಂಕರಿಂಗ್, ಪೇಂಟಿಂಗ್ ಖರ್ಚು ನನ್ನದು, ಮಾರಿದ ಮೇಲೆ ಲಾಭ ಅರ್ಧ ಅರ್ಧ. ಅವರ ಯೋಚನೆ ಏನೆಂದರೆ ಜಾಮ್ ಆದ ಪೆಟ್ರೋಲ್ ಎಂಜಿನ್ ಕಿತ್ತು ಹಾಕಿ, ಮಹೀಂದ್ರ ಜೀಪಿನ ಪ್ಯೂಜೊ ಡೀಸೆಲ್ ಎಂಜಿನ್ ಕೂರಿಸೋದು. "ಓಡೋ ಗಾಡಿಗೆ ಗಿರಾಕಿ ಇರ್ತಾರೆ, ನಿಂತ ಗಾಡಿಗೆ ಇರಲ್ಲ."

ಸಾದಾ ಜೀಪಿಗಾದರೆ ಅವರ ಮಾತು ಸರಿ. ಹಿಂದೆ ಎಷ್ಟೋ ಜನ ಡೀಸೆಲ್ ಅಗ್ಗ ಅಂತ ಹೀಗೇ ಮಾಡಿಸಿದರು. ಅದಕ್ಕೇ ಈಗ ಸಂಗ್ರಾಹಕರು ಮೂಲ ಎಂಜಿನ್ ಇರುವ ಗಾಡಿ ಹುಡುಕುತ್ತಾರೆ. ನಮ್ಮದರಲ್ಲಿದ್ದದ್ದು ನಾಲ್ಕು ಸಿಲಿಂಡರಿನ 2.2 ಲೀಟರ್ ಹರಿಕೇನ್ ಎಂಜಿನ್. ಮಹೀಂದ್ರದ ಸಿಜೆ-3ಬಿ ಜೀಪಿನದ್ದೂ ಅದೇ. ಹಾಗಾಗಿ ಪಿಸ್ಟನ್, ವಾಲ್ವು, ಗ್ಯಾಸ್ಕೆಟ್ ಹುಡುಕಿದರೆ ಸಿಗುತ್ತವೆ. ಜಾಮ್ ಆಗಿದೆ ಅನ್ನೋದು ಕೇಳಲು ದೊಡ್ಡ ರೋಗ, ಬಿಚ್ಚಿದರೆ ಅಷ್ಟೇನಲ್ಲ.

ಅರ್ಧ ಅರ್ಧ ಲಾಭದ ಮಾತು ನನಗೆ ಹಿಡಿಸಲಿಲ್ಲ. ಅವರ ಗ್ಯಾರೇಜಿನ ಹೊರಗೇ ಹೀಗೆ ‘ರೆಡಿ ಆಗ್ತಾ ಇರೋ’ ಜೀಪುಗಳ ಸಾಲು ನಿಂತಿತ್ತು. ಒಂದಕ್ಕೆ ಕಾರ್ಬೊರೇಟರ್ ಇಲ್ಲ, ಇನ್ನೊಂದಕ್ಕೆ ಮೀಟರ್ ಇಲ್ಲ, ಮೂರನೆಯದರ ಸೀಟಿನಲ್ಲಿ ಹುಲ್ಲು. ಯಾರೂ ಕದ್ದದ್ದಲ್ಲ. ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಅಂತ ಹೋದದ್ದು. ಪೇಂಟಿಂಗ್ ಮಾಡಿಸಿ ಮಾರೋಣ ಅನ್ನುವವರಿಗೆ ಇನ್ನೊಂದು ಮಾತು: ಹೊಸ ಬಣ್ಣ ಕಂಡರೆ ತಿಳಿದ ಗಿರಾಕಿ ಒಳಗೆ ಎಷ್ಟು ಪುಟ್ಟಿ (ತೂತು ಮುಚ್ಚುವ ಪೇಸ್ಟು) ಮೆತ್ತಿದ್ದಾರೋ ಅಂತ ಅನುಮಾನಪಡುತ್ತಾನೆ. ತುಕ್ಕು ಕಣ್ಣಿಗೆ ಕಾಣುತ್ತಿದ್ದರೆ ಅವನಿಗೇ ಧೈರ್ಯ.

ಆನ್‌ಲೈನಿನಲ್ಲಿ ಎರಡು ಬಗೆಯ ಜಾಹೀರಾತು ಹಾಕಿ ನೋಡಿದೆ. ಒಂದರಲ್ಲಿ ಮುಂದಿನಿಂದ ತೆಗೆದ ಚಂದದ ಫೋಟೋ, ‘ಅಪರೂಪದ ವಿಂಟೇಜ್’ ಅಂತ ಎರಡು ಸಾಲು. ಫೋನ್ ಮೇಲೆ ಫೋನ್. ಎಲ್ಲರದ್ದೂ ಒಂದೇ ಮಂತ್ರ, "ಲಾಸ್ಟ್ ಪ್ರೈಸ್ ಎಷ್ಟು?" ಗಾಡಿ ಯಾವುದು ಅಂತ ಕೂಡ ಓದಿರುವುದಿಲ್ಲ. ಒಬ್ಬ ಸೈನ್ಯದಲ್ಲಿದ್ದೇನೆ ಅಂದ. ಗಾಡಿ ನೋಡೋದೇ ಬೇಡ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ ಅಂದ. ದುಡ್ಡು ಬರೋದಕ್ಕೆ ಪಿನ್ ಯಾಕೆ? ಪಿನ್ ಒತ್ತಿದರೆ ಹೋಗೋದೇ ಹೊರತು ಬರೋದಲ್ಲ.

ಎರಡನೆಯದರಲ್ಲಿ ತೂತುಗಳನ್ನೇ ಹತ್ತಿರದಿಂದ ತೆಗೆದು ಹಾಕಿದೆ. ಚಾಸಿಯ ಅಡಿ, ಮೀಟರ್, ಒಡೆದ ಗಾಜು, ಎಂಜಿನ್ ಮುಚ್ಚಳ ತೆರೆದು ಒಳಗಿನದು. ಏನಿದೆ, ಏನಿಲ್ಲ, ಆರ್‌ಸಿ ಯಾರ ಹೆಸರಲ್ಲಿದೆ, ತೆರಿಗೆ ಎಲ್ಲಿಯವರೆಗೆ ಕಟ್ಟಿದೆ, ಎಲ್ಲ ಬರೆದೆ. ಫೋನುಗಳು ಪಟ್ಟನೆ ಕಡಿಮೆಯಾದವು. ಬಂದವರು ಮಾತ್ರ ಸರಿಯಾದ ಪ್ರಶ್ನೆ ಕೇಳಿದರು. ಆಫರ್ ಒಂದೂಕಾಲು ಲಕ್ಷದವರೆಗೆ ಏರಿತು. ಪುಕ್ಕಟೆ ದಾರಿಗಳಲ್ಲಿ ಇದಕ್ಕೆ ಸಮ ಇಲ್ಲ, ತಾಳ್ಮೆ ಇದ್ದರೆ.

ಸಿನಿಮಾದವರು ಮತ್ತು ಹೋಟೆಲಿನವರ ವಿಷಯ ಬೇಗ ಮುಗಿಸುತ್ತೇನೆ. ಗೋರೆಗಾಂವ್ ಕಡೆಯ ಒಂದು ಆರ್ಟ್ ತಂಡಕ್ಕೆ ಗಾಡಿ ಬಾಡಿಗೆಗೆ ಬೇಕಿತ್ತು, ಕೊಳ್ಳೋಕಲ್ಲ. ಅದೂ ತಮಗೆ ಬೇಕಾದ ಬಣ್ಣ ಹೊಡೆಯುವ ಷರತ್ತಿನ ಮೇಲೆ. ಲೋಣಾವಳದ ಒಂದು ಕೆಫೆಯವರು ಬಾಗಿಲ ಮುಂದೆ ನಿಲ್ಲಿಸಿ ಹೂಕುಂಡ ಇಡೋಕೆ ಒಂದೂವರೆ ಲಕ್ಷಕ್ಕೆ ಒಪ್ಪಿದ್ದರು, ಕಾಗದವೂ ಬೇಡ, ಎಂಜಿನ್ನೂ ಬೇಡ. ಕಾಗದ ಕಳೆದುಹೋದ, ಅರ್ಧ ಬಿಚ್ಚಿದ ಗಾಡಿ ಇದ್ದವರಿಗೆ ಇದಕ್ಕಿಂತ ಒಳ್ಳೆ ಗಿರಾಕಿ ಸಿಗುವುದಿಲ್ಲ. ನೋಂದಣಿ ಮಾತ್ರ ರದ್ದು ಮಾಡಿಸಿಯೇ ಕೊಡಿ. ನನ್ನದು ಎಲ್ಲ ಅಂಗ ಸರಿಯಿದ್ದ ಗಾಡಿ, ಹೂಕುಂಡಕ್ಕೆ ಕೊಡಲು ಮನಸ್ಸು ಬರಲಿಲ್ಲ. ಅಕ್ಕನಿಗೆ ಉತ್ತರ ಹೇಳುವುದೂ ಇತ್ತಲ್ಲ.

ಸಂಗ್ರಾಹಕರು ಜಾಹೀರಾತು ನೋಡಿ ಬರುವುದು ಕಡಿಮೆ, ಅವರಿರುವ ಕಡೆ ನಾವೇ ಹೋಗಬೇಕು. ಫೋರ್ಟಿನ ಹಾರ್ನಿಮನ್ ಸರ್ಕಲಿನಲ್ಲಿ ವಿಂಟೇಜ್ ರ‍್ಯಾಲಿಗೆ ಸೇರುವವರ ನಡುವೆ, ಮಿರಿಮಿರಿ ಮಿಂಚುವ ಕಾರಿನವರನ್ನು ಬಿಟ್ಟು ಜೀಪು ತಂದವರನ್ನು ಮಾತಾಡಿಸಿದೆ. ಒಬ್ಬರಿಂದ ಇನ್ನೊಬ್ಬರ ನಂಬರು. ಹಾಗೆ ಸಿಕ್ಕವರು ಕೊಲ್ಹಾಪುರದಲ್ಲಿ ಅಂಗಡಿ ಇಟ್ಟವರು, ಮಾತು ಅಪ್ಪಟ ನಿಪ್ಪಾಣಿ ಕನ್ನಡ.

ಅವರು ಗಾಡಿ ನೋಡಿದ ರೀತಿಯೇ ಬೇರೆ. ಕರವಸ್ತ್ರದಲ್ಲಿ ಸುತ್ತಿದ ಆಯಸ್ಕಾಂತ ತಂದಿದ್ದರು. ಬಾಗಿಲು, ಮಡ್‌ಗಾರ್ಡು, ಗಾಜಿನ ಕೆಳಗಿನ ಅಂಚು, ಎಲ್ಲ ಕಡೆ ಒತ್ತಿ ಒತ್ತಿ ನೋಡಿದರು. ಹಿಡಿಯದ ಕಡೆ ಪುಟ್ಟಿ ಇದೆ ಅಂತ ಅರ್ಥ. ತಂತಿ ಬ್ರಷ್ಷಿನಿಂದ ಚಾಸಿ ನಂಬರು ಉಜ್ಜಿ, ಕಾಗದ ಇಟ್ಟು ಪೆನ್ಸಿಲ್ ತೀಡಿ, ಮೂಡಿದ ಅಂಕಿಗಳನ್ನು ಆರ್‌ಸಿ ಪಕ್ಕ ಹಿಡಿದು ಒಂದೊಂದಾಗಿ ಓದಿದರು. ಎಂಜಿನ್ ಜಾಮ್ ಆಗಿದೆ ಅಂತ ನಾನು ಹೇಳಹೊರಟರೆ ಕೈ ಅಡ್ಡ ಮಾಡಿದರು. "ಮಷೀನ್ ಬಿಡ್ರಿ, ಮಷೀನ್ ಎಲ್ಲ್ಯಾರ ಸಿಗ್ತದ. ಈ ತಗಡ ಸಿಗಂಗಿಲ್ಲ." ಹೆಡ್‌ಲೈಟಿನ ಎರಡೂ ರಿಂಗ್ ಇವೆ ಅಂತ ಕಂಡಾಗ ಮುಖ ಅರಳಿತು. ಮೂರಕ್ಷರ, ನಾಲ್ಕಂಕಿಯ ಹಳೇ ನಂಬರು ಹಾಗೇ ಉಳಿದಿದ್ದಕ್ಕೂ ಬೆಲೆ ಇತ್ತು.

ವಿಂಟೇಜ್ ನೋಂದಣಿಯ ಮಾತನ್ನೂ ತೆಗೆದರು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಖಾಸಗಿ ಬಳಕೆಯ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಮೊದಲೇ ನೋಂದಣಿ ಆಗಿದ್ದರೆ ಹಳೇ ನಂಬರೇ ಉಳಿಯುತ್ತದೆ, ಹೊಸದಾಗಿ ನೋಂದಾಯಿಸುವುದಕ್ಕೆ ಮಾತ್ರ ‘ವಿಎ’ ಅಕ್ಷರದ ನಂಬರು. ಶುಲ್ಕ 20 ಸಾವಿರ, 10 ವರ್ಷದ ಅವಧಿ, ನವೀಕರಣಕ್ಕೆ 5 ಸಾವಿರ. ದಿನಾ ಓಡಿಸುವಂತಿಲ್ಲ, ರ‍್ಯಾಲಿ, ಪ್ರದರ್ಶನ ಇಂಥದ್ದಕ್ಕೆ ಮಾತ್ರ. ಪಿಕಪ್ ಅಂದರೆ ಸಾಮಾನಿನ ಗಾಡಿ, ಇಲ್ಲಿ ತೊಡಕಿದೆ. ಹಾಗಾಗಿ ವಿಂಟೇಜ್ ನೋಂದಣಿ ಸಿಕ್ಕೇ ಸಿಗುತ್ತೆ ಅಂತ ನಾನು ಮಾತು ಕೊಡಲಿಲ್ಲ. ಮಾರುವವರು ಕೊಡಲೂಬಾರದು.

ಕೊಲ್ಹಾಪುರದವರು ಹೇಳಿದ 2 ಲಕ್ಷದ 10 ಸಾವಿರಕ್ಕಿಂತ ಬೆಂಗಳೂರಿನ ಒಬ್ಬರು ಸ್ವಲ್ಪ ಜಾಸ್ತಿಯೇ ಹೇಳಿದ್ದರು. ಆದರೆ ಬೇರೆ ರಾಜ್ಯ ಅಂದರೆ ಇಲ್ಲಿನವರ ಅಭ್ಯಂತರವಿಲ್ಲ ಅನ್ನುವ ಫಾರ್ಮ್ 28ರ ಎನ್‌ಒಸಿ, ಮತ್ತೆ ಅಲ್ಲಿನ ತೆರಿಗೆ. ಆ ಓಡಾಟದ ಮುಂದೆ ಹೆಚ್ಚಿನ ದುಡ್ಡು ದೊಡ್ಡದೆನಿಸಲಿಲ್ಲ. ಕೊಲ್ಹಾಪುರದವರು ಬಯಾನಾ (ಮುಂಗಡ) ಕೊಟ್ಟು ಹೋದರು, ಮಳೆಗಾಲ ಮುಗಿದ ಮೇಲೆ ಫ್ಲ್ಯಾಟ್‌ಬೆಡ್ ಲಾರಿ ತಂದರು. ಪೂರ್ತಿ ಹಣ ಬ್ಯಾಂಕಿಗೆ ಬಿದ್ದ ಮೇಲೆಯೇ ಗಾಡಿ ಎತ್ತಿಸಿದೆ. ಮಾರಾಟದ ಸೂಚನೆಯ ಫಾರ್ಮ್ 29 ಎರಡು ಪ್ರತಿ, ಹೆಸರು ವರ್ಗಾವಣೆಯ ಫಾರ್ಮ್ 30, ಅವರ ಗುರುತಿನ ಚೀಟಿ, ತಾರೀಖು ಮತ್ತು ಗಂಟೆ ಹಾಕಿದ ಡೆಲಿವರಿ ಚೀಟಿ. ಮಾರಾಟದ ಸೂಚನೆಯನ್ನು 14 ದಿನದೊಳಗೆ ಆರ್‌ಟಿಒಗೆ ಕೊಟ್ಟು ಸ್ವೀಕೃತಿ ತೆಗೆದುಕೊಂಡೆ.

ಜಾಹೀರಾತು ತೆಗೆದ ಮೇಲೂ ಒಂದು ಫೋನ್ ಬಂತು. "ಗಾಡಿ ಬೇಡ ಸಾರ್, ಹೆಡ್‌ಲೈಟ್ ರಿಂಗ್ ಒಂದು ಇದ್ರೆ ಕೊಡ್ತೀರಾ?" ಕೊಲ್ಹಾಪುರದವರನ್ನು ಕೇಳಿಯೇ ಅವರ ನಂಬರು ಕೊಟ್ಟೆ. ರಿಂಗ್ ಮಾತ್ರ ಕೊಡೋದಿಲ್ಲ ಅಂತ ಅವರು ನನಗೆ ಮೊದಲೇ ಹೇಳಿದ್ದರು.